ಫೈಲಿನಲ್ಲಿ ‘ನಾನಾ’ ಅಂತ ಬರೆದಿತ್ತು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಪ್ಪು ತಗಡಿನ ಪೆಟ್ಟಿಗೆ ಇದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅಪ್ಪನ ನಂಬರು, ಹೆಸರು, ಯೂನಿಟ್ಟು. ಸೋಮವಾರಪೇಟೆ ಕಡೆ ಇಂಥ ಪೆಟ್ಟಿಗೆ ಏನೂ ವಿಶೇಷ ಅಲ್ಲ. ನಮ್ಮ ಬೀದಿಯೊಂದರಲ್ಲೇ ಆರು ಮನೆಗಳಲ್ಲಿವೆ. ಬೇರೆಯವರ ಪೆಟ್ಟಿಗೆಯಲ್ಲಿ ಮೆಡಲ್ಲು, ಯೂನಿಫಾರ್ಮು, ಗುಂಪಿನ ಫೋಟೋ ಇರುತ್ತವೆ. ನಮ್ಮದರಲ್ಲಿ ಇದ್ದದ್ದು ಹೆಚ್ಚಾಗಿ ಕಾಗದ. ಅದರಲ್ಲೂ ಅಪ್ಪ ಯಾವತ್ತೂ ಮೇಲೆ ತೆಗೆಯದ ಒಂದು ಪತ್ರ. ಅಂಗವೈಕಲ್ಯ ಪಿಂಚಣಿ ಕೊಡಲು ಬರುವುದಿಲ್ಲ ಅಂತ 2002ರಲ್ಲಿ ಬಂದದ್ದು.

ಅಪ್ಪ ಸೇನೆ ಸೇರಿದ್ದು 1993ರಲ್ಲಿ. ಮೊದಲ ಸಲ ಫಿಟ್ಸ್ ಬಂದದ್ದು 2000ದ ಚಳಿಗಾಲ, ಕಾಶ್ಮೀರದಲ್ಲಿ. ರಾತ್ರಿಯೆಲ್ಲ ಪಹರೆ ಮುಗಿಸಿ ಬೆಳಿಗ್ಗೆ ಚಹಾಕ್ಕೆ ಸಾಲಿನಲ್ಲಿ ನಿಂತಿದ್ದನಂತೆ. ಕೈಯಲ್ಲಿ ಮಗ್ಗು ಇತ್ತು. ಆಮೇಲೆ ಅವನಿಗೆ ನೆನಪಿರುವುದು ಆಸ್ಪತ್ರೆಯ ಸೂರು ಮಾತ್ರ. ಆ ಮಗ್ಗು ಈಗಲೂ ನಮ್ಮ ಬಚ್ಚಲಲ್ಲಿದೆ. ಕಲ್ಲಿಗೆ ಬಿದ್ದ ಜಾಗದಲ್ಲಿ ಬಾಯಿ ಸೊಟ್ಟಗಾಗಿದೆ. ಒಂದು ಕಡೆಯಿಂದ ನೀರು ಸುರಿದರೆ ಇನ್ನೊಂದು ಕಡೆಯಿಂದ ಚೆಲ್ಲುತ್ತದೆ.

ಮುಂದಿನ ಒಂದೂವರೆ ವರ್ಷದಲ್ಲಿ ಇನ್ನೂ ನಾಲ್ಕು ಸಲ ಬಂತು. ಬಂದೂಕು ಕೊಡಬಾರದು, ಗಾಡಿ ಕೊಡಬಾರದು, ಎತ್ತರದಲ್ಲಿ ಕೆಲಸ ಕೊಡಬಾರದು ಅಂತಾಯಿತು. ಕೊನೆಗೆ ಮೆಡಿಕಲ್ ಬೋರ್ಡ್ ಕೂತಿತು. ಅಂಗವೈಕಲ್ಯ ಶೇ 20 ಅಂತ ಬರೆದು ಮನೆಗೆ ಕಳಿಸಿದರು. ಫೌಜಿಗಳ ಮಾತಿನಲ್ಲಿ ಇದಕ್ಕೆ ‘ಬೋರ್ಡ್ ಔಟ್’ ಅಂತಾರೆ. ಆಗ ಅಪ್ಪನ ಸರ್ವಿಸ್ಸು ಒಂಬತ್ತು ವರ್ಷ. ಜವಾನನಿಗೆ ಸರ್ವಿಸ್ ಪಿಂಚಣಿ ಬರಬೇಕಾದರೆ 15 ವರ್ಷ ಆಗಿರಬೇಕು. ಕಾಯಿಲೆಯಿಂದ ಹೊರಬಿದ್ದವನಿಗೆ ಇನ್‌ವ್ಯಾಲಿಡ್ ಪಿಂಚಣಿ ಅಂತ ಒಂದಿದೆ, ಅದಕ್ಕೆ ಆಗ 10 ವರ್ಷ ಬೇಕಿತ್ತು. ಒಂಬತ್ತಕ್ಕೆ ಯಾವುದೂ ಇಲ್ಲ. ಒಂದು ಗಂಟು ದುಡ್ಡು ಬಂತು. ಮನೆಯ ಹೆಂಚು ಬದಲಾಯಿಸಿ, ಸಾಲ ತೀರಿಸಿದೆವು. ಮುಗೀತು.

ಉಳಿದದ್ದು ಅಂಗವೈಕಲ್ಯ ಪಿಂಚಣಿ ಒಂದೇ. ಅದಕ್ಕೆ ವರ್ಷದ ಲೆಕ್ಕ ಇಲ್ಲ. ಆದರೆ ಕಾಯಿಲೆ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಜೊತೆಗೆ ಶೇ 20 ಆದರೂ ಇರಬೇಕು. ಅಪ್ಪನಿಗೆ ಶೇ 20 ಇತ್ತು. ಮೊದಲನೆಯದಕ್ಕೆ ಬೋರ್ಡು ಅಲ್ಲ ಅಂದಿತ್ತು.

ಆ ಪತ್ರವನ್ನು ಆಗ ಓದಿ ಹೇಳಿದ್ದು ನಮ್ಮ ಬೀದಿಯ ಸುಬೇದಾರ್ ಮಾವ. ಕನ್ನಡಕ ಏರಿಸಿ, ಎರಡು ಸಾಲು ಓದಿ, ‘ನಾನಾ ಅಂತ ಹಾಕಿದ್ದಾರೆ ಕಣೋ’ ಅಂದರಂತೆ.

‘ನಾನಾ?’ ಅಂತ ಅಪ್ಪ ಎದೆ ಮುಟ್ಟಿಕೊಂಡು ಕೇಳಿದನಂತೆ. ತನ್ನನ್ನೇ ಹೇಳುತ್ತಿದ್ದಾರೆ ಅಂದುಕೊಂಡು.

ಅದು ಸೇನೆಯ ಕಚೇರಿಗಳಲ್ಲಿ ಎಲ್ಲರೂ ಬಳಸುವ ಮಾತು. ಇಂಗ್ಲಿಷಿನ ನಾಲ್ಕು ಅಕ್ಷರ. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ ಅರ್ಥ. ಈ ಕಥೆಯನ್ನು ಅಮ್ಮ ನಗುತ್ತಲೇ ಹೇಳುತ್ತಿದ್ದಳು. ನನಗೆ ಮಾತ್ರ ಅಪ್ಪ ಸರಿಯಾಗೇ ಅರ್ಥ ಮಾಡಿಕೊಂಡಿದ್ದ ಅನ್ನಿಸುತ್ತದೆ. ಕಾಯಿಲೆಯ ಕಾರಣ ಯಾರು ಅಂತ ಕೇಳಿದ್ದಕ್ಕೆ ಸರ್ಕಾರ ‘ನೀನೇ’ ಅಂದಿತ್ತು.

ಅದೇ ಪತ್ರದಲ್ಲಿ ಇನ್ನೊಂದು ಪದ ಇತ್ತು. ಕಾಯಿಲೆ ‘ಕಾನ್‌ಸ್ಟಿಟ್ಯೂಷನಲ್’ ಅಂತ. ಅಪ್ಪನಿಗೆ ಆ ಪದಕ್ಕೆ ಗೊತ್ತಿದ್ದ ಅರ್ಥ ಸಂವಿಧಾನ ಒಂದೇ. ಸಂವಿಧಾನದಲ್ಲೇ ಹೀಗೆ ಬರೆದಿದ್ದರೆ ಯಾರ ಹತ್ತಿರ ಹೋಗಿ ಏನು ಕೇಳುವುದು ಅಂತ ಅವನು ಎಷ್ಟೋ ದಿನ ಸುಮ್ಮನಿದ್ದ. ಆಮೇಲೆ ಯಾರೋ ಹೇಳಿದರು, ಅದು ಮೈಯ ಕಟ್ಟಿಗೆ ಅಂಟಿಕೊಂಡೇ ಬಂದ ಕಾಯಿಲೆ ಅಂತ. ಇದು ಇನ್ನೂ ಕಷ್ಟವಾಯಿತು. ಸಂವಿಧಾನ ಅಂದುಕೊಂಡಿದ್ದಾಗ ತಪ್ಪು ದೆಹಲಿಯಲ್ಲಿತ್ತು. ಈಗ ಮನೆಯೊಳಗೆ ಬಂತು.

ಹಳ್ಳಿಯಲ್ಲಿ ಇಂಥ ಮಾತು ಬೇಗ ಹರಡುತ್ತದೆ. ‘ಮಿಲಿಟರಿಯವರೇ ಬರೆದುಕೊಟ್ಟಿದ್ದಾರಂತೆ, ಅವರ ವಂಶದಲ್ಲೇ ಇದೆಯಂತೆ.’ ಅಜ್ಜಿಗೆ ಇದೇ ಒಂದು ಕೊರಗಾಯಿತು. ಶನಿವಾರಸಂತೆ ಕಡೆಯ ತನ್ನ ತವರಿಗೆ ಹೋಗಿ, ಯಾರಿಗಾದರೂ ಫಿಟ್ಸ್ ಇತ್ತಾ ಅಂತ ಮೂರು ತಲೆಮಾರು ವಿಚಾರಿಸಿಕೊಂಡು ಬಂದಳು. ಯಾರಿಗೂ ಇರಲಿಲ್ಲ. ತಾತನ ಕಡೆಯವರನ್ನೂ ಕೇಳಿದಳು. ಅಲ್ಲೂ ಇರಲಿಲ್ಲ. ಇಲ್ಲ ಅಂತ ಗೊತ್ತಾದ ಮೇಲೂ ಅದನ್ನು ಯಾರಿಗೆ ಹೇಳುವುದು? ಪತ್ರಕ್ಕೆ ಸೀಲು ಇತ್ತು. ಅಜ್ಜಿಯ ಮಾತಿಗೆ ಸೀಲು ಇರಲಿಲ್ಲ. 2004ರಲ್ಲಿ ಅತ್ತೆಗೆ ಕುಶಾಲನಗರದಿಂದ ಒಂದು ಒಳ್ಳೆ ಸಂಬಂಧ ಬಂದಿತ್ತು. ಮಾತುಕತೆಯೆಲ್ಲ ಮುಗಿದು, ಗಂಡಿನ ಕಡೆಯ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಡುತ್ತಾ, ‘ಅಣ್ಣನಿಗೆ ಏನೋ ತೊಂದರೆ ಅಂತೆ, ಹುಟ್ಟಿನಿಂದಲೇ ಇತ್ತಾ?’ ಅಂದರು. ಮತ್ತೆ ಅವರು ಬರಲಿಲ್ಲ.

ಅಪ್ಪ ಆಗಲೇ ಒಂದು ಮೇಲ್ಮನವಿ ಹಾಕಿದ್ದ. ಅದೂ ತಿರಸ್ಕಾರ ಆಗಿ ಬಂತು. ಅದರಲ್ಲೂ ಹಿಂದಿನ ಪತ್ರದ್ದೇ ಸಾಲುಗಳು. ತಾರೀಕು ಬೇರೆ, ಅಷ್ಟೇ. ಅವನು ಕೈಬಿಟ್ಟ. ಕಾಫಿ ತೋಟಗಳಲ್ಲಿ ಕೂಲಿಗೆ ಹೋದ. ಅಲ್ಲೂ ಒಂದು ಅಡ್ಡಿ. ನಮ್ಮ ಕಡೆ ಒಳ್ಳೆ ಕೂಲಿ ಸಿಗುವುದು ಮೆಣಸು ಕುಯ್ಯುವಾಗ, ಮರ ಕಪಾತು ಮಾಡುವಾಗ. ಎರಡಕ್ಕೂ ಸಿಲ್ವರ್ ಮರಕ್ಕೆ ಏಣಿ ಹಾಕಿ ಹತ್ತಬೇಕು. ಫಿಟ್ಸ್ ಇರುವವನನ್ನು ತೋಟದ ಕೆಲಸ ನೋಡಿಕೊಳ್ಳುವ ಯಾವ ರೈಟರ್ ಏಣಿ ಹತ್ತಿಸುತ್ತಾನೆ? ಗಂಡಸರೆಲ್ಲ ಮರದ ಮೇಲಿರುವಾಗ ಅಪ್ಪ ಹೆಂಗಸರ ಜೊತೆ ಕೆಳಗೆ ಬಿದ್ದ ಮೆಣಸು ಆರಿಸುತ್ತಿದ್ದ. ದುಡ್ಡಿಗಿಂತ ಅದು ಅವನಿಗೆ ಜಾಸ್ತಿ ನೋವು ಕೊಟ್ಟಿರಬೇಕು. ಹೇಳಿಕೊಳ್ಳುವ ಪೈಕಿ ಅಲ್ಲ ಅವನು. ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಅಂತ ವೈದ್ಯಕೀಯ ಯೋಜನೆ 2003ರಲ್ಲಿ ಶುರುವಾಯಿತು. ಪಿಂಚಣಿ ಇಲ್ಲದ ಅಪ್ಪನಿಗೆ ಅದೂ ಸಿಗಲಿಲ್ಲ. ಎಪ್ಟಾಯಿನ್ ಮಾತ್ರೆ ಪ್ರತಿ ತಿಂಗಳು ಕೈಯಿಂದಲೇ.

ನಾನು ಮೈಸೂರಿನಲ್ಲಿ ಬಿ.ಕಾಂ. ಓದುವಾಗ, 2015ರಲ್ಲಿ, ಯುಗಾದಿಗೆ ಊರಿಗೆ ಬಂದಿದ್ದೆ. ಸುಬೇದಾರ್ ಮಾವ ಗೇಟಿನ ಹತ್ತಿರ ನಿಲ್ಲಿಸಿ, ‘ಮಗಾ, ನಿನಗೆ ಇಂಗ್ಲಿಷ್ ಬರುತ್ತಲ್ಲ, ಧರಂವೀರ್ ಸಿಂಗ್ ಕೇಸು ಅಂತ ಮೊಬೈಲಲ್ಲಿ ಹುಡುಕು. ನಿಮ್ಮಪ್ಪಂದೇ ಕಥೆ ಅದು’ ಅಂದರು.

ಹುಡುಕಿದೆ. ಧರಂವೀರ್ ಸಿಂಗ್ ಮತ್ತು ಭಾರತ ಸರ್ಕಾರ. ಸುಪ್ರೀಂ ಕೋರ್ಟ್, 2 ಜುಲೈ 2013. ನ್ಯಾಯಮೂರ್ತಿಗಳು ಎ.ಕೆ. ಪಟ್ನಾಯಕ್ ಮತ್ತು ಎಸ್.ಜೆ. ಮುಖೋಪಾಧ್ಯಾಯ. 1985ರಲ್ಲಿ ಸೇನೆ ಸೇರಿದ ಸಿಪಾಯಿ. 1994ರಲ್ಲಿ ಬೋರ್ಡ್ ಔಟ್. ಸರ್ವಿಸ್ಸು ಸುಮಾರು ಒಂಬತ್ತು ವರ್ಷ. ಕಾಯಿಲೆ ಫಿಟ್ಸ್. ಅಂಗವೈಕಲ್ಯ ಶೇ 20. ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅಂತ ಪಿಂಚಣಿ ನಿರಾಕರಣೆ. ಓದುತ್ತಾ ಓದುತ್ತಾ ಒಂದು ಕ್ಷಣ ಮೈ ಜುಂ ಅಂತು. ಹೆಸರು ಬದಲಾಯಿಸಿದರೆ ಅಪ್ಪನದೇ ಫೈಲು.

ಅವನಿಗೆ ಪಿಂಚಣಿ ಕೊಡಿ ಅಂದ ಆ ತೀರ್ಪು ಹೊಸ ಕಾನೂನೇನೂ ಮಾಡಿಲ್ಲ. ಮೊದಲೇ ಇದ್ದ ನಿಯಮವನ್ನು ಓದಿ ಹೇಳಿದೆ, ಅಷ್ಟೇ. ಇಂಥ ಪಿಂಚಣಿ ಯಾರಿಗೆ ಸಲ್ಲಬೇಕು ಅಂತ ಹೇಳುವ 1982ರ ಎಂಟೈಟಲ್‌ಮೆಂಟ್ ನಿಯಮಗಳು ಆಗ ಇದ್ದವು. ಅದರ 5ನೇ ನಿಯಮ ಹೇಳುತ್ತಿತ್ತು: ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲದಿದ್ದರೆ ಆ ಮನುಷ್ಯ ಆರೋಗ್ಯವಾಗಿದ್ದ ಅಂತಲೇ ಹಿಡಿಯಬೇಕು. ಆಮೇಲೆ ಆರೋಗ್ಯ ಕೆಟ್ಟು ಹೊರಬಿದ್ದರೆ ಅದು ಸೇವೆಯಿಂದ ಆದದ್ದು ಅಂತ ಹಿಡಿಯಬೇಕು. 9ನೇ ನಿಯಮ: ಸೇವೆಯಿಂದಲೇ ಬಂತು ಅಂತ ಸಾಬೀತು ಮಾಡು ಅಂತ ಸೈನಿಕನನ್ನು ಕೇಳುವ ಹಾಗಿಲ್ಲ, ಅನುಮಾನ ಇದ್ದರೆ ಅದರ ಲಾಭ ಅವನಿಗೇ. 14ನೇ ನಿಯಮ: ಸೇರುವಾಗ ಪತ್ತೆ ಹಚ್ಚಲು ಆಗದಂಥ ಕಾಯಿಲೆ ಇದು ಅಂತ ಡಾಕ್ಟರು ಹೇಳಬಹುದು, ಆದರೆ ಕಾರಣ ಬರೆಯಬೇಕು.

ಕಾರಣ ಬರೆಯಬೇಕು. ನಾನು ಅಲ್ಲೇ ನಿಂತೆ.

ಅಷ್ಟು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಸಾಬೀತು ಮಾಡುವ ಕೆಲಸವನ್ನೇ ಮಾಡುತ್ತಿದ್ದೆವು. ಅಜ್ಜಿ ವಂಶ ಶೋಧಿಸಿದಳು. ಅಮ್ಮ ಮದುವೆಗೆ ಮುಂಚೆ ಅಪ್ಪ ಎಷ್ಟು ಗಟ್ಟಿ ಇದ್ದ ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಪಹರೆ, ಚಳಿ, ನಿದ್ದೆಗೇಡು ಎಲ್ಲ ಸೇರಿಸಿ ಹಿಂದಿಯಲ್ಲಿ ನಾಲ್ಕು ಪುಟದ ಮನವಿ ಬರೆದಿದ್ದ. ಆ ಹೊರೆ ನಮ್ಮದಾಗಿರಲೇ ಇಲ್ಲ. ಬರೆದು ತೋರಿಸಬೇಕಾದವರು ಅವರು. ಇದನ್ನು 1982ರಿಂದಲೂ ಅವರದೇ ನಿಯಮ ಹೇಳುತ್ತಿತ್ತು. ಒಬ್ಬರೂ ನಮಗೆ ಹೇಳಲಿಲ್ಲ.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್. ಎರಡು ತಿಂಗಳಾದ ಮೇಲೆ ದಪ್ಪ ಲಕೋಟೆಯಲ್ಲಿ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ ಬಂತು. ಅಪ್ಪನ ಹತ್ತಿರ ಇದ್ದದ್ದು ಕೊನೆಯ ಹಾಳೆ ಮಾತ್ರ. ಅಡಿಗೆಮನೆಯ ನೆಲದ ಮೇಲೆ ಹರವಿಕೊಂಡು ಒಂದೊಂದೇ ಓದಿದೆ. ಅಚ್ಚಾದ ಪ್ರಶ್ನೆ, ಪಕ್ಕದಲ್ಲಿ ನೀಲಿ ಪೆನ್ನಿನ ಉತ್ತರ. ಸೇವೆಗೆ ಸೇರುವ ಮೊದಲೇ ಈ ಕಾಯಿಲೆ ಇತ್ತೇ? ‘ಇಲ್ಲ.’ ಸೇವೆಯಿಂದ ಬಂದದ್ದೇ? ‘ಇಲ್ಲ.’ ಸೇವೆಯಿಂದ ಹೆಚ್ಚಾಯಿತೇ? ‘ಇಲ್ಲ.’ ಕಾರಣ ಬರೆಯುವ ಜಾಗದಲ್ಲಿ ಅದೇ ಒಂದು ಪದ: ಕಾನ್‌ಸ್ಟಿಟ್ಯೂಷನಲ್.

ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, ‘ಮೊದಲೂ ಇರಲಿಲ್ಲ, ಅಲ್ಲೂ ಬರಲಿಲ್ಲ ಅಂದ್ರೆ ರೈಲಲ್ಲಿ ಬರುವಾಗ ಹತ್ತಿಕೊಂಡ್ತಾ?’ ಅಂದಳು. ಮುಂದೆ ವಕೀಲರು ಮಾಡಿದ ವಾದ ಕೂಡ ಹೆಚ್ಚುಕಮ್ಮಿ ಇದೇ.

ಸೈನಿಕರ ಇಂಥ ವ್ಯಾಜ್ಯ ಈಗ ಹೋಗುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಎಲ್ಲರೂ ಎ.ಎಫ್.ಟಿ. ಅಂತಾರೆ. 2007ರ ಕಾಯ್ದೆ, 2009ರಲ್ಲಿ ಶುರು. ಇಷ್ಟು ಸೈನಿಕರಿರುವ ಕರ್ನಾಟಕಕ್ಕೆ ಸ್ವಂತ ಪೀಠ ಇರಲಿಲ್ಲ. ನಮ್ಮದು ಕೊಚ್ಚಿಗೆ ಸೇರಿತ್ತು. ಕಾರ್ಯಪ್ಪ, ತಿಮ್ಮಯ್ಯ ಅಂತ ವರ್ಷಕ್ಕೊಮ್ಮೆ ಹಾರ ಹಾಕುವ ಜಿಲ್ಲೆಯವರು ಪಿಂಚಣಿ ಕೇಳಲು ರಾತ್ರಿ ಬಸ್ಸು ಹತ್ತಿ ಎರ್ನಾಕುಲಂಗೆ ಹೋಗಬೇಕು. ಇರಲಿ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಇದೆ, 15100ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಇದು ನನಗೆ ಗೊತ್ತಾದದ್ದು ಕೇಸು ಮುಗಿದ ಮೇಲೆ. ನಾವು ಸುಬೇದಾರ್ ಮಾವನ ಪರಿಚಯದ ವಕೀಲರನ್ನು ಹಿಡಿದೆವು. ಫೀಸು ಆಮೇಲೆ ನೋಡೋಣ ಅಂದರು. ಅವರಿಗೆ ಕನ್ನಡ ಬಾರದು, ನಮಗೆ ಮಲಯಾಳಂ ಬಾರದು. ಅಪ್ಪ ಫೌಜಿ ಹಿಂದಿಯಲ್ಲಿ ನಿಭಾಯಿಸಿದ. 2016ರಲ್ಲಿ ಅರ್ಜಿ ದಾಖಲಾಯಿತು.

ಅರ್ಜಿ ಹಾಕಲು ಆರು ತಿಂಗಳ ಗಡುವು ಇರುತ್ತದೆ. ನಾವು ಹೋದದ್ದು 14 ವರ್ಷಕ್ಕೆ. ಸರ್ಕಾರದ ಮೊದಲ ಆಕ್ಷೇಪಣೆಯೇ ಅದು. ಪಿಂಚಣಿ ತಪ್ಪಿದರೆ ಪ್ರತಿ ತಿಂಗಳೂ ಹೊಸದಾಗಿ ತಪ್ಪು ನಡೆದ ಹಾಗೆ, ಆದ್ದರಿಂದ ತಡವಾದರೂ ಕೇಳಬಹುದು ಅಂತ ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಅದರಿಂದ ಬಾಗಿಲು ತೆರೆಯಿತು. ಆದರೆ ಅದೇ ತೀರ್ಪಿನ ಇನ್ನರ್ಧ ನಮಗೆ ಹೊಡೆತ. ಹಿಂಬಾಕಿ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದೇ.

ಎರಡು ವರ್ಷ ತಾರೀಕು ಬಿದ್ದವು. 2018ರಲ್ಲಿ ಕೊನೆಯ ವಿಚಾರಣೆಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅವನು ಬರಬೇಕಾಗಿರಲಿಲ್ಲ. ‘ನನ್ನ ಬಗ್ಗೆ ಏನು ಮಾತಾಡ್ತಾರೆ ಕೇಳ್ಬೇಕು’ ಅಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಾಲಿಶ್ ಹಾಕಿದ ಹಳೆ ಶೂ. ಈ ಮಂಡಳಿಯಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ನಿವೃತ್ತ ನ್ಯಾಯಮೂರ್ತಿ, ಇನ್ನೊಬ್ಬರು ಸೇನೆಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಇಬ್ಬರೂ ಒಳಗೆ ಬಂದಾಗ ಎಲ್ಲರೂ ಎದ್ದು, ನಮಸ್ಕರಿಸಿ, ಕೂತರು. ಅಪ್ಪ ಕೂರಲಿಲ್ಲ. ಹಿಮ್ಮಡಿ ಜೋಡಿಸಿ, ಎದೆ ಮುಂದಕ್ಕೆ, ಕೈ ಪ್ಯಾಂಟಿನ ಹೊಲಿಗೆಗೆ ಅಂಟಿಸಿ ಸಾವಧಾನ್ ನಿಂತುಬಿಟ್ಟಿದ್ದ. ಹದಿನಾರು ವರ್ಷ ಮೆಣಸು ಆರಿಸಿ ಬಗ್ಗಿದ ಬೆನ್ನು ಅದು ಅಂತ ಯಾರೂ ಹೇಳುವ ಹಾಗಿರಲಿಲ್ಲ. ನಾನು ಶರ್ಟು ಎಳೆದೆ. ಕೂರಲಿಲ್ಲ. ಕೊನೆಗೆ ಮೇಲೆ ಕೂತಿದ್ದ ಆ ಮಾಜಿ ಅಧಿಕಾರಿಯೇ ನೋಡಿ, ಕೈಯಲ್ಲಿ ಮೆಲ್ಲಗೆ ಕೂತುಕೋ ಅಂತ ಸನ್ನೆ ಮಾಡಿದರು. ಆಗ ಕೂತ.

ನಮ್ಮ ಪಾಳಿ ಬಂದು ಮುಗಿಯಲು ಹತ್ತು ನಿಮಿಷ ಹಿಡಿಯಿತೋ ಇಲ್ಲವೋ. ಸರ್ಕಾರದ ವಕೀಲರು ಮೆಡಿಕಲ್ ಬೋರ್ಡ್ ಅಂದರೆ ತಜ್ಞರು, ಅವರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಅಂದರು. ನ್ಯಾಯಮೂರ್ತಿ ಹಾಳೆ ತಿರುವಿ, ಅಭಿಪ್ರಾಯ ಇದೆ, ಕಾರಣ ಎಲ್ಲಿದೆ ಅಂತ ಕೇಳಿದರು. ಒಂದು ಪದ ಇದೆ ಸಾರ್. ಪದ ಕಾರಣ ಆಗುತ್ತದೆಯೇ? ಅಷ್ಟೇ. ಹದಿನಾರು ವರ್ಷ ಮನೆಯೊಳಗೆ ಹುಳದ ಹಾಗೆ ಕೊರೆದ ಪದವನ್ನು ಅಲ್ಲಿ ಒಬ್ಬರು ಬೆರಳಲ್ಲಿ ತಟ್ಟಿ ಪಕ್ಕಕ್ಕೆ ಇಟ್ಟರು. ಅಪ್ಪನಿಗೆ ಇಂಗ್ಲಿಷು ಪೂರ್ತಿ ಅರ್ಥ ಆಗಲಿಲ್ಲ. ಹೊರಗೆ ಬಂದು, ‘ಬೈದರಾ?’ ಅಂತ ಕೇಳಿದ.

ಆದೇಶ ಎರಡು ವಾರದಲ್ಲಿ ಬಂತು. ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಹಿಡಿಯಬೇಕು. ಪಿಂಚಣಿ ಕೊಡಬೇಕು. ಶೇ 20ನ್ನು ಶೇ 50 ಅಂತ ಲೆಕ್ಕ ಹಾಕಬೇಕು. ಈ ಕೊನೆಯದು ದಯೆಯಲ್ಲ. ಬೋರ್ಡ್ ಔಟ್ ಆದವರಿಗೆ ಶೇ 50ಕ್ಕಿಂತ ಕಡಿಮೆ ಇದ್ದರೆ 50ಕ್ಕೆ ಏರಿಸಬೇಕು ಅಂತ ರಕ್ಷಣಾ ಸಚಿವಾಲಯದ್ದೇ 31 ಜನವರಿ 2001ರ ಆದೇಶ ಇದೆ. ಅಪ್ಪ ಹೊರಬಿದ್ದದ್ದು ಅದರ ಮರುವರ್ಷ!

ಗೆದ್ದೆವು ಅಂತ ಪಾಯಸ ಮಾಡಿದ್ದು ನಿಜ. ಆದರೆ ಹಿಂಬಾಕಿಯ ಲೆಕ್ಕ ಶುರುವಾಗುವುದು 2013ರಿಂದ. 2002ರಿಂದ 2013ರವರೆಗಿನ ಹನ್ನೊಂದು ವರ್ಷ ಹೋಯಿತು. ನನ್ನ ಶಾಲೆಯ ವರ್ಷಗಳೆಲ್ಲ ಅದರಲ್ಲೇ ಇವೆ. ಅತ್ತೆಯ ಮದುವೆ ಅದರಲ್ಲಿದೆ. ಅಜ್ಜಿ ತೀರಿಕೊಂಡದ್ದೂ ಅದರಲ್ಲೇ, ವಂಶದಲ್ಲಿ ಇರಲಿಲ್ಲ ಅಂತ ಸೀಲು ಹಾಕಿದ ಕಾಗದ ಬರುವ ಮೊದಲೇ. ತಡ ಮಾಡಿದ್ದು ನೀವು ಅಂತ ಕಾನೂನು ಹೇಳುತ್ತದೆ. ಇರಬಹುದು. ನಿಯಮ ಗೊತ್ತಿದ್ದೂ ಹೇಳದವರ ತಡಕ್ಕೆ ಯಾವ ಲೆಕ್ಕವೂ ಇಲ್ಲ. ಈ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ, ಅದನ್ನು ಮುಚ್ಚಿಡಲಾರೆ.

ಆದೇಶ ಬಂದ ಮೇಲೂ ಅದನ್ನು ಜಾರಿ ಮಾಡಿ ಅಂತ ಇನ್ನೊಂದು ಅರ್ಜಿ ಹಾಕಬೇಕಾಯಿತು. ಕೊನೆಗೆ 2019ರಲ್ಲಿ ಪಿಪಿಓ, ಅಂದರೆ ಪಿಂಚಣಿ ಮಂಜೂರಾತಿ ಪತ್ರ, ಅಂಚೆಯಲ್ಲಿ ಬಂತು. ಸುಬೇದಾರ್ ಮಾವ ಮತ್ತೆ ಕನ್ನಡಕ ಏರಿಸಿ ಓದಿದರು. ಈ ಸಲ ನಾನಾ ಅಂತ ಎಲ್ಲೂ ಇರಲಿಲ್ಲ.

ನಮ್ಮದು ಮುಗಿಯಿತು ಅಂತ ಎಲ್ಲರದೂ ಮುಗಿದಿಲ್ಲ. ಸೆಪ್ಟೆಂಬರ್ 2023ರಲ್ಲಿ ಹೊಸ ನಿಯಮಗಳು ಬಂದಿವೆ. ಹೆಸರುಗಳೂ ಬದಲಾಗಿವೆ, ಷರತ್ತುಗಳೂ ಬಿಗಿಯಾಗಿವೆ ಅಂತ ಮಾಜಿ ಸೈನಿಕರು ಗೊಣಗುತ್ತಿದ್ದಾರೆ. ಹಳೆಯ ಕೇಸುಗಳಂತೂ ನಡೆದೇ ಇವೆ. ಸಿಯಾಚಿನ್‌ನಲ್ಲಿದ್ದು ಫಿಟ್ಸ್ ಬಂದು 1989ರಲ್ಲಿ ಹೊರಬಿದ್ದ ಬಿಜೇಂದರ್ ಸಿಂಗ್ ಅನ್ನುವ ಸೈನಿಕರಿಗೆ ಸುಪ್ರೀಂ ಕೋರ್ಟಿನಿಂದ ಪಿಂಚಣಿ ಸಿಕ್ಕಿದ್ದು 2025ರಲ್ಲಿ. ಅವರ ಫೈಲಿನ ಮೇಲೂ ಮೂವತ್ತೈದು ವರ್ಷ ಅದೇ ಪ್ರಶ್ನೆ ಕೂತಿತ್ತು. ಈಗ ನಮ್ಮ ಕಡೆ ಯಾರಿಗಾದರೂ ಇಂಥ ಪತ್ರ ಬಂದರೆ ಸುಬೇದಾರ್ ಮಾವ ನನಗೆ ಫೋನು ಹಚ್ಚಿಕೊಡುತ್ತಾರೆ. ನಾನು ಕೇಳುವುದು ಒಂದೇ: ಬೋರ್ಡಿನ ಪೂರ್ತಿ ಕಾಗದ ಇದೆಯಾ? ಕೊನೆಯ ಹಾಳೆ ಮಾತ್ರ ಇದ್ದರೆ ಮೊದಲು ಮಾಹಿತಿ ಹಕ್ಕಿನ ಅರ್ಜಿ.

ಪಿಂಚಣಿ ಬರುವವರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ತೋರಿಸಬೇಕಲ್ಲ. ಹೋದ ವರ್ಷ ಅಪ್ಪನನ್ನು ಪೇಟೆಯ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಬೆರಳಚ್ಚು ಹತ್ತಲಿಲ್ಲ. ಮೆಣಸು, ಕಾಫಿ ಆರಿಸಿ ಆರಿಸಿ ಗೆರೆಗಳೆಲ್ಲ ಸವೆದಿವೆ. ಅಲ್ಲಿನ ಹುಡುಗ ಮೊಬೈಲು ಎತ್ತಿ, ‘ಮುಖದಲ್ಲೇ ಮಾಡೋಣ, ಇಲ್ಲಿ ನೋಡಿ’ ಅಂದ. ಅಪ್ಪ ಸ್ಟೂಲಿನಿಂದ ಎದ್ದ. ಹಿಮ್ಮಡಿ ಜೋಡಿಸಿದ. ಕ್ಯಾಮೆರಾವನ್ನೇ ದಿಟ್ಟಿಸಿ ಸಾವಧಾನ್ ನಿಂತ. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು, ಮೊಬೈಲು ಒಪ್ಪಲಿಲ್ಲ.

‘ಅಂಕಲ್,’ ಅಂದ ಹುಡುಗ, ‘ಕಣ್ಣು ಮಿಟುಕಿಸ್ಬೇಕು.’